ಮಗಳ ನಿಧಿ

ಚುನಾವಣೆ ಗೆದ್ದ ಮರುದಿನ ಬೆಳಿಗ್ಗೆ ಅಕ್ಕ ಪಕ್ಷದ ಕಚೇರಿಯ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೃತಜ್ಞತೆ ಹೇಳಿದಳು. ಕಾರು ಓಡಿಸಿದವನಿಗೆ ಹೇಳಿದಳು, ಮೈಕಿನವನಿಗೆ ಹೇಳಿದಳು, ತೊಂಬತ್ತು ದಿನ ತನ್ನ ಗಂಟಲಿಗೆ ಬಿಸಿನೀರು ಕಾಯಿಸಿಕೊಟ್ಟ ಮುದುಕಿಗೆ ಹೇಳಿದಳು. ಗೇಟಿನ ಬಳಿ ಬಿದ್ದುಕೊಂಡಿರುತ್ತಿದ್ದ ನಾಯಿಯನ್ನೂ ಹೆಸರು ಹಿಡಿದು ಕರೆದು ಎಲ್ಲರೂ ನಕ್ಕು ಚಪ್ಪಾಳೆ ತಟ್ಟುವಂತೆ ಮಾಡಿದಳು. ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ನಿಂತಿದ್ದ ಕಣ್ಣೀರಪ್ಪ, ಇನ್ನೇನು ತನ್ನ ಸರದಿ ಬಂತೆಂದು ಒಂದು ಸಂಕೋಚದ ನಗೆಯನ್ನು ಮುಂಚಿತವಾಗಿಯೇ ಮುಖದ ಮೇಲೆ ತಂದುಕೊಂಡಿದ್ದ. ನಾಯಿಯೊಂದಿಗೆ ಭಾಷಣ ಮುಗಿಯಿತು. ಆ ನಗೆಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಅವನು ಸುಮ್ಮನೆ ಕೆಮ್ಮಿದ.

ಕಣ್ಣೀರಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ, ಕಚೇರಿಯವರು ಕಟ್ಟಿದ್ದು. ಅಕ್ಕನ ಹೆಸರಿನಲ್ಲಿ ಜನರಿಂದ ಚುನಾವಣೆಗೆ ಚಂದಾ ಬೇಡುವ ಪತ್ರಗಳನ್ನು ಬರೆಯುವುದು ಅವನ ಕೆಲಸ. ಹನ್ನೊಂದು ವರ್ಷಗಳಿಂದ ಬರೆಯುತ್ತಿದ್ದ. ದೊಡ್ಡ ಕುಳಗಳ ಮನೆಗೆ ಅಕ್ಕ ತಾನೇ ಹೋಗಿ ಕೂರುತ್ತಿದ್ದಳು. ತಿಂಗಳಿಗೊಮ್ಮೆ ಸಣ್ಣದೊಂದು ನೋಟನ್ನು ಮಡಿಸಿ ಕಳಿಸುವ ಸಾವಿರಾರು ಸಣ್ಣ ಜನ, ನಿವೃತ್ತ ಗುಮಾಸ್ತರು, ದಾದಿಯರು, ಗಡಿಯಾರ ರಿಪೇರಿಯವರು, ವಿಧವೆಯರು, ಅವರೆಲ್ಲ ಇವನ ಪಾಲು. ಪೆಟ್ಟಿಗೆ ಬರಿದಾದಾಗ ಕಚೇರಿಯಲ್ಲಿ ಯಾರಾದರೊಬ್ಬರು ಕೂಗುತ್ತಿದ್ದರು: "ಕಣ್ಣೀರಪ್ಪಂಗೆ ಹೇಳ್ರಪ್ಪ, ಇನ್ನೊಂದು ಸಲ ಅಳಲಿ!"

ಅವನ ಅಳುವಿನಲ್ಲಿ ಲೆಕ್ಕಾಚಾರವಿತ್ತು. ಐವತ್ತು ಕೇಳಿದರೆ ಭಿಕ್ಷೆಯಂತೆ ಕಾಣುತ್ತದೆ, ನಲವತ್ತೇಳು ಕೇಳಿದರೆ ಯಾವುದೋ ನಿಜವಾದ ಖರ್ಚಿಗೆ ಅಷ್ಟೇ ಕಡಿಮೆ ಬಿದ್ದಿದೆ ಅನ್ನಿಸುತ್ತದೆ ಎಂದು ಕಂಡುಕೊಂಡವನು ಅವನೇ. "ಕೊಟ್ಟವರ ಪಟ್ಟಿ ನೋಡುತ್ತಿದ್ದೆ, ನಿಮ್ಮ ಹೆಸರು ಕಾಣದೆ ಮನಸ್ಸು ಪಿಚ್ಚೆಂದಿತು" ಎಂಬ ಸಾಲು ಅವನದು. "ನಾಳೆ ಸಂಜೆ ಆರು ಗಂಟೆಯೊಳಗೆ" ಎಂಬ ಗಡುವೂ ಅವನದೇ. ಆ ಆರು ಗಂಟೆಯ ಆಚೆಗೆ ಯಾವ ಅನಾಹುತವೂ ಇರಲಿಲ್ಲ, ಏಳು ಗಂಟೆ ಮಾತ್ರ ಇತ್ತು. ಪತ್ರದ ತಳದಲ್ಲಿ ಪುಟ್ಟ ಚೌಕವೊಂದನ್ನು ಬರೆದು, ಅದರಲ್ಲಿ ಮೊದಲೇ ಗುರುತು ಹಾಕಿಟ್ಟು, ಪಕ್ಕದಲ್ಲಿ ಇರುವೆಯಂಥ ಅಕ್ಷರಗಳಲ್ಲಿ "ಪ್ರತಿ ತಿಂಗಳೂ ಕೊಡುತ್ತೇನೆ" ಎಂದು ಅಚ್ಚು ಹಾಕಿಸಿದ್ದು ಅವನ ಜಾಣತನಗಳಲ್ಲೆಲ್ಲ ಅತಿ ಸಣ್ಣದು, ಅತಿ ಹೆಚ್ಚು ಫಲ ಕೊಟ್ಟದ್ದು.

ಮೂರು ದಿನ ತಡೆದು, ನಾಲ್ಕನೆಯ ದಿನ ಅವನು ಅಕ್ಕನ ಕೋಣೆಗೆ ಹೋದ. ಚಂದಾ ವಿಭಾಗಕ್ಕೆ ಮುಖ್ಯಸ್ಥನೊಬ್ಬನನ್ನು ನೇಮಿಸುವ ಸುದ್ದಿ ಇತ್ತು. ಕಾರು, ಪ್ರತ್ಯೇಕ ಕೋಣೆ, ಎರಡರಷ್ಟು ಸಂಬಳ. ಅಕ್ಕ ಕಾಗದಗಳಿಂದ ತಲೆ ಎತ್ತಲಿಲ್ಲ.

"ಆ ಜಾಗಕ್ಕೆ ಭಾವನ್ನ ಹಾಕಿದೀನಿ," ಅಂದಳು.

ಭಾವ ಅಂದರೆ ಅವಳ ಹಿರಿಯಕ್ಕನ ಗಂಡ. ಚಪ್ಪಲಿ ಅಂಗಡಿ ಮುಳುಗಿಸಿ ಬಂದು, ಆರು ತಿಂಗಳಿಂದ ಕಚೇರಿಯ ಸೋಫಾದ ಮೇಲೆ ಬೇರು ಬಿಟ್ಟಿದ್ದ ಮನುಷ್ಯ. ಕಚೇರಿಗೆಲ್ಲ ಅವನು ಭಾವನೇ.

"ಅಕ್ಕ, ಹನ್ನೊಂದು ವರ್ಷದಿಂದ ಪತ್ರಗಳನ್ನ ನಾನೇ..."

"ಬರೀತೀಯ, ಇಲ್ಲ ಅಂದೋರ್ಯಾರು? ಆದ್ರೆ ಜನ ಕೊಡೋದು ನಿನ್ನ ಅಕ್ಷರ ನೋಡಿ ಅಲ್ಲಪ್ಪ, ನನ್ನ ಮುಖ ನೋಡಿ. ನಾಳೆ ಬೇರೆ ಯಾರೋ ಬರೆದ್ರೂ ಕೊಡ್ತಾರೆ." ಒಂದು ಹಾಳೆ ಮಗುಚಿ, "ಬಾಗಿಲು ಹಾಕ್ಕೊಂಡು ಹೋಗು, ಗಾಳಿ ಬರುತ್ತೆ," ಅಂದಳು.

ಅವನು ಬಾಗಿಲು ಹಾಕಿಕೊಂಡು ಬಂದ. ಮುಖದಲ್ಲಿ ಏನೂ ಇರಲಿಲ್ಲ. ಹನ್ನೊಂದು ವರ್ಷ ಇನ್ನೊಬ್ಬರ ದನಿಯಲ್ಲಿ ಅತ್ತವನಿಗೆ ತನ್ನದೇ ದನಿಯಲ್ಲಿ ಸುಮ್ಮನಿರುವುದು ಸುಲಭ. ಮುಖವೋ, ಅಕ್ಷರವೋ, ನೋಡಿಯೇ ಬಿಡೋಣ ಎಂದು ಅವನು ಅಂದುಕೊಂಡ.

ದಾರಿ ತೋರಿಸಿದವನು ಖಜಾಂಚಿ. ಬೆನ್ನು ನೆಟ್ಟಗಿಟ್ಟುಕೊಂಡು ಕೂರುವ, ಒಂದು ಬಿಡಿಕಾಸು ಹೆಚ್ಚುಕಮ್ಮಿಯಾದರೂ ಊಟ ಬಿಡುವ ಪ್ರಾಮಾಣಿಕ ಪ್ರಾಣಿ. ಒಂದು ಮಧ್ಯಾಹ್ನ ಅವನು ಕಣ್ಣೀರಪ್ಪನ ಮೇಜಿನ ಬಳಿ ಬಂದು ಗೊಣಗಿದ: "ನಿನ್ನ ಒಂದೇ ಪತ್ರಕ್ಕೆ ಕೆಲವರು ಎರಡೆರಡು ಸಲ ದುಡ್ಡು ಕಳಿಸ್ತಾರೆ ಮಾರಾಯ. ಎಲ್ಲ ವಯಸ್ಸಾದೋರು. ಒಬ್ಬಾಕೆ ಮೂರು ಸಲ! ಕೊಟ್ಟಿದ್ದು ಮರ್ತೋಗುತ್ತೆ ಪಾಪ. ವಾಪಸ್ ಕಳಿಸಿ ಕಳಿಸಿ ಸಾಕಾಗಿದೆ ನನಗೆ."

"ಆ ಹೆಸರುಗಳನ್ನ ನನಗೆ ಕೊಡಿ. ನಾನು ನೋಡ್ಕೋತೀನಿ."

"ದೊಡ್ಡ ಉಪಕಾರ ಆಯ್ತು," ಅಂದ ಖಜಾಂಚಿ, ಮನಸಾರೆ.

ಆ ಹೆಸರುಗಳನ್ನು ಕಣ್ಣೀರಪ್ಪ ಒಂದು ವಾರ ಓದಿದ. ಯಾವಾಗ ಕೊಟ್ಟರು, ಎಷ್ಟು ದಿನ ಬಿಟ್ಟು ಮತ್ತೆ ಕೊಟ್ಟರು, ಜೊತೆಗೆ ಏನು ಬರೆದರು, ಎಲ್ಲವನ್ನೂ ಎದುರಿಗೆ ಹರವಿಕೊಂಡು ನೋಡಿದ. ಖಜಾಂಚಿಗೆ ಅಂಕೆ ಓದಲು ಬರುತ್ತಿತ್ತೇ ಹೊರತು ಮನುಷ್ಯರನ್ನಲ್ಲ. ಇವರು ಮರೆತು ಕೊಡುತ್ತಿರಲಿಲ್ಲ. ಚಂದಾ ಕಳಿಸಿದವರಿಗೆಲ್ಲ ಕಚೇರಿಯಿಂದ ಎರಡು ಸಾಲಿನ ಕೃತಜ್ಞತಾ ಪತ್ರ ಹೋಗುತ್ತಿತ್ತು. ಎರಡನೇ ಸಲ ಕೊಟ್ಟರೆ ಎರಡನೇ ಪತ್ರ ಬರುತ್ತದೆ. ಅವರು ಕೊಳ್ಳುತ್ತಿದ್ದದ್ದು ಅಂಚೆಯವನು ಬಾಗಿಲಿಗೆ ಬರುವ ಸದ್ದನ್ನು. ಇದು ಹೊಳೆದ ಕ್ಷಣ ಅವನು ಕುರ್ಚಿಯಲ್ಲಿ ಹಿಂದಕ್ಕೊರಗಿ ಚಾವಣಿ ನೋಡುತ್ತ, ಎಷ್ಟೋ ತಿಂಗಳ ನಂತರ ಮೊದಲ ಬಾರಿಗೆ, ಸಂತೋಷದಿಂದ ಉಸಿರುಬಿಟ್ಟ.

ಮುಂದಿನದು ಆಯ್ಕೆಯ ಕೆಲಸ. ಎಪ್ಪತ್ತು ದಾಟಿದವರನ್ನು, ನೋಟನ್ನೇ ಲಕೋಟೆಯಲ್ಲಿಟ್ಟು ಕಳಿಸುವ ಹಳೇ ಕಾಲದವರನ್ನು ಬೇರೆ ಮಾಡಿದ. ಊಟದ ಬಿಡುವಿನಲ್ಲಿ ಹೊರಗಿನ ದೂರವಾಣಿಯಿಂದ ಒಬ್ಬೊಬ್ಬರಿಗೂ ಕರೆ ಮಾಡಿ, ಹಿರಿಯರ ಆರೋಗ್ಯ ಸಮೀಕ್ಷೆಯವನೆಂದು ಹೇಳಿಕೊಂಡ. ನಿದ್ದೆ ಹೇಗೆ, ಮಂಡಿ ಹೇಗೆ ಎಂದು ಕೇಳಿ, ನಡುವೆ ಮೆಲ್ಲಗೆ ನಿಜವಾದ ಪ್ರಶ್ನೆಗಳನ್ನು ತೂರಿಸುತ್ತಿದ್ದ. ಜೊತೆಗೆ ಯಾರಿದ್ದಾರೆ? ಮಕ್ಕಳೆಲ್ಲಿ? ತಮ್ಮನ ಮಗ, ತಂಗಿಯ ಮಗಳು, ಯಾರಾದರೂ ಬಂದು ಹೋಗಿ ಮಾಡುತ್ತಾರಾ? ಟಪಾಲು, ಬಿಲ್ಲು, ಇವನ್ನೆಲ್ಲ ಯಾರು ನೋಡುತ್ತಾರೆ? ಸೊಸೆ ಎಂಬ ಪದ ಕೇಳಿದ ಕೂಡಲೇ ಆ ಹೆಸರಿನ ಮೇಲೆ ಗೀಟು ಹಾಕುತ್ತಿದ್ದ. ಸೊಸೆಯಂದಿರು ಲಕೋಟೆ ಒಡೆಯುತ್ತಾರೆ.

ಕೊನೆಯ ಪ್ರಶ್ನೆ ಎಲ್ಲರಿಗೂ ಒಂದೇ: "ನಿನ್ನೆ ಇಡೀ ದಿನ ಎಷ್ಟು ಜನರ ಜೊತೆ ಮಾತಾಡಿದ್ರಿ?"

"ರೇಡಿಯೋನ ಲೆಕ್ಕಕ್ಕೆ ಹಿಡೀಬಹುದಾ?" ಅಂದ ಒಬ್ಬ ಮುದುಕ, ನಿವೃತ್ತ ರೈಲು ಟಿಕೆಟಿನವನು, ಮತ್ತು ತನ್ನ ಜೋಕಿಗೆ ತಾನೇ ಬಹಳ ಹೊತ್ತು ನಕ್ಕ. ಫೋನು ಇಡಲು ಮನಸ್ಸಿಲ್ಲದೆ ತನ್ನ ಮಂಡಿಯ ಬಗ್ಗೆ ಎರಡನೇ ಸಲ ಹೇಳತೊಡಗಿದ. ಕಣ್ಣೀರಪ್ಪ ಅವನ ಹೆಸರಿನ ಮುಂದೆ ದೊಡ್ಡದಾಗಿ ಸರಿಗುರುತು ಹಾಕಿದ.

ಹೀಗೆ ಜರಡಿ ಹಿಡಿದು ಉಳಿದವರು ಇನ್ನೂರ ಹನ್ನೊಂದು ಜನ. ಹಿಂದಿಲ್ಲ, ಮುಂದಿಲ್ಲ, ಹೇಳುವವರಿಲ್ಲ, ಕೇಳುವವರಿಲ್ಲ. ಇವರಿಗೆ ಕಚೇರಿಯಿಂದಲೂ ಪತ್ರ ಹೋದರೆ ಎರಡು ದಾರಿ ಒಂದಕ್ಕೊಂದು ಅಡ್ಡಬರುವ ಅಪಾಯವಿತ್ತು. ಅದಕ್ಕೆ ಒಂದು ಮಧ್ಯಾಹ್ನ ಕಚೇರಿಯ ಪಟ್ಟಿ ತೆರೆದು, ಪ್ರತಿ ಹೆಸರಿನ ಮುಂದೂ "ತೀರಿಕೊಂಡಿದ್ದಾರೆ" ಎಂದು ನಮೂದಿಸಿದ. ಮೇಜಿನ ಮೇಲಿನ ಚಹಾ ಆರುವಷ್ಟರಲ್ಲಿ ಇನ್ನೂರ ಹನ್ನೊಂದು ಜನ, ಕುರ್ಚಿಯಿಂದ ಅವನು ಏಳದೆಯೇ, ಸತ್ತರು. ಸಂಜೆ ಭಾವ ಪಟ್ಟಿ ನೋಡಿ, "ಛೆ ಛೆ, ಈ ವರ್ಷ ಮುದುಕರು ಬಹಳ ಹೋದ್ರಲ್ಲೋ," ಅಂದ. ಕಣ್ಣೀರಪ್ಪ, "ಚಳಿ ಜಾಸ್ತಿ ಇತ್ತಲ್ಲ ಭಾವ," ಅಂದ.

ನಿಧಿಗೊಂದು ಹೆಸರು ಬೇಕಿತ್ತು. ಅಕ್ಕ ಎಲ್ಲರಿಗೂ ಅಕ್ಕ. ಆದರೆ ಎಪ್ಪತ್ತು ದಾಟಿದವರಿಗೆ ಅಕ್ಕ ಬೇಕಾಗಿರುವುದಿಲ್ಲ. ಹೊಸ ಪತ್ರಗಳಲ್ಲಿ ಅವಳು "ನಿಮ್ಮ ಮಗಳು" ಆದಳು. ನಿಧಿ "ಮಗಳ ನಿಧಿ" ಆಯಿತು. ಪತ್ರದ ಮುಖ್ಯಭಾಗ ಅಚ್ಚಿನದು, ಮೊದಲ ಸಾಲು ಮತ್ತು ಕೊನೆಯ ರುಜು ನೀಲಿ ಶಾಯಿಯ ಕೈಬರಹ. ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ಪಕ್ಕದ ಊರಿನ ಅಂಚೆ ಕಚೇರಿಯಲ್ಲಿ, ಎಂದೋ ಸತ್ತ ದೂರದ ಮಾವನೊಬ್ಬನ ಗುರುತಿನ ಕಾಗದ ತೋರಿಸಿ ಅಂಚೆ ಪೆಟ್ಟಿಗೆಯೊಂದನ್ನು ಬಾಡಿಗೆಗೆ ಹಿಡಿದ. ಗುರುವಾರ ಅವನ ವಾರದ ರಜೆ. ಪ್ರತಿ ಗುರುವಾರ ಹೋಗಿ ಪೆಟ್ಟಿಗೆ ತೆರೆಯುತ್ತಿದ್ದ. ಬ್ಯಾಂಕಿಲ್ಲ, ಚೆಕ್ಕಿಲ್ಲ, ರಸೀದಿಯಿಲ್ಲ.

ಇಷ್ಟಾದ ಮೇಲೂ ಒಂದು ಮುಳ್ಳು ಉಳಿದಿತ್ತು: ಅವನ ಪತ್ರಗಳು ಆ ಮನೆಗಳಲ್ಲಿ ಉಳಿದುಬಿಟ್ಟರೆ? ಅದಕ್ಕೂ ಉಪಾಯ ಹೂಡಿದ. "ಕಾಗದ ಪೋಲು ಮಾಡಬೇಡಿ, ಇದೇ ಹಾಳೆಯ ಹಿಂಬದಿಯಲ್ಲಿ ಉತ್ತರ ಬರೆದು ಕಳಿಸಿ, ನಿಮ್ಮ ಕೈ ಮುಟ್ಟಿದ ಹಾಳೆ ನನ್ನ ಬಳಿ ಇರಲಿ" ಎಂದು ಸೇರಿಸಿದ. ಮುದುಕರಿಗೆ ಮಿತವ್ಯಯವೆಂದರೆ ಪ್ರಾಣ. ಹೋದ ಪತ್ರವೆಲ್ಲ, ನೋಟನ್ನು ಮಡಿಲಲ್ಲಿ ಕಟ್ಟಿಕೊಂಡು, ಸಾಕಿದ ಪಾರಿವಾಳದಂತೆ ಅವನ ಬಳಿಗೇ ವಾಪಸಾಗುತ್ತಿತ್ತು. ಓದಿ ಮುಗಿಸಿದ್ದನ್ನು ಹೆಂಡತಿಯ ಹೊಲಿಗೆ ಅಂಗಡಿಯ ಹಿತ್ತಲಲ್ಲಿ, ಬಟ್ಟೆಯ ಚಿಂದಿಗಳ ಜೊತೆ ಡಬ್ಬದಲ್ಲಿ ಹಾಕಿ ಸುಡುತ್ತಿದ್ದ.

ಹಣವೂ ಆ ಅಂಗಡಿಯ ಮೂಲಕವೇ ಬಿಳಿಯಾಗುತ್ತಿತ್ತು. ಯಾವುದೋ ಶಾಲೆಯ ಸಮವಸ್ತ್ರದ ಗುತ್ತಿಗೆ ಎಂದು ಪುಸ್ತಕದಲ್ಲಿ ಬರೆಸುತ್ತಿದ್ದ.

"ಇನ್ನೂರು ಮಕ್ಕಳಿಗೆ ಹೊಲಿದಿದೀನಂತೆ," ಅಂದಳು ಹೆಂಡತಿ ಒಂದು ದಿನ, ಟೇಪನ್ನು ಕುತ್ತಿಗೆಗೆ ಹಾಕಿಕೊಂಡು. "ಒಂದು ಮಗೂನೂ ಅಳತೆ ಕೊಡೋಕೆ ಬರ್ಲಿಲ್ಲವಲ್ರೀ?"

"ಬಂದ್ರೆ ಗಲಾಟೆ ಅಂತ ಬಿಟ್ಟೆ."

ಅವಳು ಅವನ ಮುಖವನ್ನು ಒಂದು ಕ್ಷಣ ನೋಡಿ, ಮತ್ತೆ ಕೇಳಲಿಲ್ಲ. ಮುಂದಿನ ತಿಂಗಳು ಅಂಗಡಿಗೆ ಹೊಸ ಯಂತ್ರ ಬಂತು. ಅದರ ಮುಂದಿನ ತಿಂಗಳು ಮನೆಗೆ ದೊಡ್ಡ ಕಿಟಕಿ.

ಕಚೇರಿಯ ಪತ್ರಗಳಲ್ಲಿ ಅವನು ಬಳಸಲಾಗದ ತಂತ್ರಗಳನ್ನೆಲ್ಲ ಇಲ್ಲಿ ಬಿಚ್ಚಿ ಆಡಿದ. ಹೆದರಿಕೆಗಿಂತ ಅಪರಾಧಪ್ರಜ್ಞೆ ಹೆಚ್ಚು ಕಸಿಯುತ್ತದೆ, ಅದಕ್ಕಿಂತ ಕಾಳಜಿ ಹೆಚ್ಚು ಕಸಿಯುತ್ತದೆ ಎಂದು ಅವನಿಗೆ ಕಂಡುಬಂತು. ಎರಡನೇ ವರ್ಷದ ಚಳಿಗಾಲದಲ್ಲಿ ಬರೆದದ್ದು ಅವನ ಪ್ರಕಾರ ಅವನ ಬದುಕಿನ ಅತ್ಯುತ್ತಮ ಪತ್ರ. ಅದರಲ್ಲಿ ಹಣ ಕೇಳಿರಲೇ ಇಲ್ಲ. "ಈ ತಿಂಗಳು ನೀವು ಏನೂ ಕಳಿಸಬೇಡಿ. ನಿಮಗೆ ಬೆಚ್ಚನೆಯ ಹೊದಿಕೆ ಬೇಕು, ಔಷಧ ಬೇಕು. ಎಂಬತ್ತಮೂರು ಕಡಿಮೆ ಬಿದ್ದಿದೆ, ಬೀಳಲಿ. ಮಗಳು ಹೇಗೋ ಸಂಭಾಳಿಸುತ್ತಾಳೆ. ನೀವು ಚೆನ್ನಾಗಿದ್ದೀರಿ ಎಂದು ಒಂದು ಸಾಲು ಬರೆದರೆ ಸಾಕು." ಆ ವಾರ ಅಂಚೆ ಪೆಟ್ಟಿಗೆಯ ಬಾಗಿಲು ತೆರೆದಾಗ ಲಕೋಟೆಗಳು ಅವನ ಎದೆಯ ಮೇಲೆ ಸುರಿದವು. ಎಂಬತ್ತಮೂರು ಕಳಿಸಿದವರಿದ್ದರು, ನೂರು ಕಳಿಸಿದವರಿದ್ದರು. ರೈಲು ಟಿಕೆಟಿನವನು ಹೆಂಡತಿಯ ಉಂಗುರವನ್ನು ಹತ್ತಿಯಲ್ಲಿ ಸುತ್ತಿ ಕಳಿಸಿದ್ದ. ಬಸ್ಸಿನಲ್ಲಿ ವಾಪಸು ಬರುವಾಗ ಕಣ್ಣೀರಪ್ಪ ಆ ಉಂಗುರವನ್ನು ಕಿರುಬೆರಳಿಗೆ ಹಾಕಿ ನೋಡಿದ. ಬಿಗಿಯಾಯಿತು. ಮಾರಿದ.

ಇನ್ನೂರ ಹನ್ನೊಂದು ಜನರಲ್ಲಿ ಒಬ್ಬಳು ಮಾತ್ರ ಅವನನ್ನು ರೇಗಿಸುತ್ತಿದ್ದಳು. ಭೂಗೋಳ ಕಲಿಸಿ ನಿವೃತ್ತಳಾದ ಶಾಲಾ ಶಿಕ್ಷಕಿ, ಎಂಬತ್ತರ ಹತ್ತಿರ ವಯಸ್ಸು. ಮನಸ್ಸಿನಲ್ಲಿ ಅವನು ಅವಳನ್ನು ಭೂಗೋಳದ ಮೇಡಂ ಎಂದೇ ಕರೆಯುತ್ತಿದ್ದ. ಅವಳು ನೋಟಿನ ಜೊತೆ ಅವನ ಪತ್ರವನ್ನು ಕೆಂಪು ಪೆನ್ಸಿಲಿನಲ್ಲಿ ತಿದ್ದಿ ಕಳಿಸುತ್ತಿದ್ದಳು. "ಮಗಳೇ, ಅವಶ್ಯಕತೆ ಅಲ್ಲ, ಆವಶ್ಯಕತೆ. ಹೋದ ತಿಂಗಳೂ ಹೇಳಿದ್ದೆ." "ಒಂದೇ ಪುಟದಲ್ಲಿ ನಾಲ್ಕು ಸಲ ಕಣ್ಣೀರು ಬಂದಿದೆ. ಎರಡು ಸಾಕು." "ನೀನು ವೇದಿಕೆಯ ಮೇಲೆ ಅಷ್ಟು ಗಟ್ಟಿ ಗಂಟಲಲ್ಲಿ ಮಾತಾಡುತ್ತೀ, ಪತ್ರದಲ್ಲಿ ಮಾತ್ರ ಯಾಕೆ ಹೀಗೆ? ಊಟ ಸರಿಯಾಗಿ ಮಾಡುತ್ತಿದ್ದೀಯಾ?"

ಇಷ್ಟು ವರ್ಷಗಳಲ್ಲಿ ಅವನ ಪತ್ರಗಳನ್ನು ಹೀಗೆ ಸಾಲು ಸಾಲಾಗಿ ಓದಿದವರು ಬೇರೆ ಯಾರೂ ಇರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅವಳ ಮೇಲೆ ಸಿಟ್ಟು ಇನ್ನಷ್ಟು ಏರುತ್ತಿತ್ತು. ಒಮ್ಮೆ, ಬರೆಯುವ ಭರದಲ್ಲಿ, ಮಗಳ ದನಿಯಲ್ಲಿ ನಿಜವನ್ನೇ ಬರೆದುಬಿಟ್ಟ: ಇಷ್ಟು ದುಡಿದರೂ ತನಗೆ ಯಾರೂ ಒಂದು ಒಳ್ಳೆಯ ಮಾತು ಹೇಳುವುದಿಲ್ಲವೆಂದು. ವಾರದಲ್ಲಿ ಉತ್ತರ ಬಂತು. ಆ ಸಲ ಕೆಂಪು ಗೆರೆಯೊಂದೂ ಇರಲಿಲ್ಲ. "ನಾನು ಹೇಳುತ್ತೇನೆ. ಚೆನ್ನಾಗಿ ಮಾಡುತ್ತಿದ್ದೀಯ. ಯಾರೂ ಹೇಳದಿದ್ದರೂ ಇದನ್ನು ನೆನಪಿಟ್ಟುಕೋ." ಅವನು ಹಾಳೆಯನ್ನು ಎರಡು ಸಲ ಓದಿದ. ಆಮೇಲೆ, ಅಂಥ ಪತ್ರಕ್ಕೆ ಎಷ್ಟು ಬೆಲೆ ಬರುತ್ತದೆಂದು ತಿಳಿಯುವ ಕುತೂಹಲದಿಂದ, ಮುಂದಿನದರಲ್ಲಿ ತೊಂಬತ್ತಮೂರರ ಬದಲು ನೂರ ಎಂಬತ್ತಾರು ಬೇಕೆಂದ.

ಬಂತು. ಜೊತೆಗೆ ಅಕ್ಷರ ಸ್ವಲ್ಪ ನಡುಗಿದ ಎರಡು ಸಾಲು: "ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಿದ್ದೇನೆ. ಡಾಕ್ಟರು ಬೈಯುತ್ತಾರೆ, ಆದರೆ ಅವರಿಗೆ ಎಲ್ಲರನ್ನೂ ಬೈಯುವ ಅಭ್ಯಾಸ. ನೀನು ಯೋಚಿಸಬೇಡ."

ಕಣ್ಣೀರಪ್ಪ ಯೋಚಿಸಲಿಲ್ಲ. ಯೋಚಿಸಬೇಕಾದಲ್ಲಿ ಪತ್ರ ಬರೆಯುವುದು ಅವನ ಅಭ್ಯಾಸ. "ಅಮ್ಮಾ, ನನ್ನಾಣೆ, ಮಾತ್ರೆ ಬಿಡಬೇಡಿ. ನಿಮಗೇನಾದರೂ ಆದರೆ ಈ ಮಗಳಿಗೆ ಯಾರಿದ್ದಾರೆ? ನಿಮ್ಮ ಹಣ ನನಗೆ ಬೇಡ. ವಿರೋಧಿಗಳು ಹೂಡಿದ ಮೊಕದ್ದಮೆಗೆ ಇನ್ನೂರ ಹದಿನಾಲ್ಕು ಕಟ್ಟಬೇಕು, ಇಲ್ಲದಿದ್ದರೆ ನನ್ನನ್ನು ಕರೆದೊಯ್ಯುತ್ತಾರಂತೆ. ಹೋಗಿಬರುತ್ತೇನೆ. ನೀವು ಮಾತ್ರ ಮಾತ್ರೆ ಬಿಡಬೇಡಿ." ಬರೆದು ಮುಗಿಸಿ ಇನ್ನೊಮ್ಮೆ ಓದಿದ. "ಮಾತ್ರ" ಮತ್ತು "ಮಾತ್ರೆ" ಅಕ್ಕಪಕ್ಕ ಬಂದದ್ದು ಕಿವಿಗೆ ಕಟುವಾಗಿತ್ತು. ಮೇಡಂ ಖಂಡಿತ ಗೆರೆ ಎಳೆಯುತ್ತಾಳೆ ಎಂದು ನಕ್ಕು, ಹಾಗೆಯೇ ಬಿಟ್ಟ.

ಗೆರೆ ಬಂತು. ಇನ್ನೂರ ಹದಿನಾಲ್ಕೂ ಬಂತು. ಅದರ ಮುಂದಿನ ತಿಂಗಳ ಪತ್ರ ಮಾತ್ರ ಒಡೆಯದೆಯೇ ವಾಪಸಾಯಿತು. ಲಕೋಟೆಯ ಮೇಲೆ ಅಂಚೆಯವನು ಸೀಸದ ಕಡ್ಡಿಯಲ್ಲಿ ಬರೆದಿದ್ದ: "ವಿಳಾಸದಾರರು ತೀರಿಕೊಂಡಿದ್ದಾರೆ."

ಅವನು ಅಂಚೆ ಕಚೇರಿಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತ. ಎದುರಿನ ಗೋಡೆಯ ಮೇಲೆ ಅಂಚೆಚೀಟಿಗಳ ದರಪಟ್ಟಿ ಇತ್ತು. ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಅರ್ಧ ಮಾತ್ರೆಯಿಂದ ಯಾರೂ ಸಾಯುವುದಿಲ್ಲ, ವಯಸ್ಸಿನಿಂದ ಸಾಯುತ್ತಾರೆ ಎಂದು ತೀರ್ಮಾನಿಸಿ ಎದ್ದ. ತನ್ನ ಗುಟ್ಟಿನ ಪಟ್ಟಿಯಲ್ಲಿ ಅವಳ ಹೆಸರು ಹೊಡೆದುಹಾಕಿದ. ಅವಳ ಹಿಂದೆ ಅಳುವವರಾಗಲಿ, ಕಪಾಟು ತೆರೆದು ಕಾಗದ ಹುಡುಕುವವರಾಗಲಿ ಇಲ್ಲವೆಂದು ಅವಳೇ ಹಿಂದೆ ಫೋನಿನಲ್ಲಿ ಹೇಳಿದ್ದಳು. ಕಪಾಟು ತೆರೆದರೂ ಅಲ್ಲಿ ಅವನದೊಂದು ಅಕ್ಷರವೂ ಇರಲಿಲ್ಲ. ತನ್ನ ಏರ್ಪಾಡು ಎಷ್ಟು ಅಚ್ಚುಕಟ್ಟೆಂದರೆ ಸಾವು ಕೂಡ ಅದರಲ್ಲಿ ಒಂದು ಸುಕ್ಕು ಬೀಳಿಸಲಾರದು ಎಂದು ಅವನಿಗೆ ಹೆಮ್ಮೆಯಾಯಿತು.

ಆದರೂ ನಿಲ್ಲಿಸುವ ಹೊತ್ತು ಬಂದಿತ್ತು. ನಿಧಿ ಶುರುವಾಗಿ ನಾಲ್ಕು ವರ್ಷ ದಾಟಿತ್ತು, ಮುಂದಿನ ಚುನಾವಣೆಗೆ ನಾಲ್ಕೇ ತಿಂಗಳು. ಇನ್ನು ಹೊರಗಿನ ತನಿಖೆಗಾರರು ಬರುತ್ತಾರೆ, ಪಟ್ಟಿಗಳನ್ನು ತಿರುವಿಹಾಕುತ್ತಾರೆ. ಮುಕ್ಕಾಲುಪಾಲು ಕಳ್ಳರು ಸಿಕ್ಕಿಬೀಳುವುದು ಇನ್ನೊಂದೇ ಒಂದು ಸಲ ಎಂದು ಕೈ ಹಾಕಿದಾಗ. ಕಣ್ಣೀರಪ್ಪ ಅಂಥವರ ಸಾಲಿಗೆ ಸೇರಿದವನಲ್ಲ. ಉಳಿದ ಮುದುಕರಿಗೆ ಕೊನೆಯದೊಂದು ಪತ್ರ ಬರೆದ: "ನಿಮ್ಮ ಋಣದಿಂದ ನಿಧಿ ತುಂಬಿತು. ಇನ್ನು ಕಳಿಸಬೇಡಿ. ಇನ್ನು ಮುಂದೆ ಮಗಳು ಬರೆಯದಿದ್ದರೆ ಬೇಸರ ಬೇಡ, ದೂರದಲ್ಲಿ ಕೆಲಸದಲ್ಲಿದ್ದಾಳೆ ಎಂದುಕೊಳ್ಳಿ." ಒಂದು ತಿಂಗಳು ಕಾದು, ಆ ಹಾಳೆಗಳೂ ವಾಪಸು ಬಂದ ಮೇಲೆ, ಎಲ್ಲವನ್ನೂ ಗುಟ್ಟಿನ ಪಟ್ಟಿಯ ಸಮೇತ ಡಬ್ಬದಲ್ಲಿ ಸುಟ್ಟು, ಬೂದಿಯನ್ನು ಮೋರಿಗೆ ಸುರಿದ. ಗುರುವಾರ ಪಕ್ಕದ ಊರಿಗೆ ಹೋಗಿ ಅಂಚೆ ಪೆಟ್ಟಿಗೆಯ ಕೀಲಿಯನ್ನು ಗುಮಾಸ್ತನ ಮುಂದಿಟ್ಟು, ಪುಸ್ತಕದಲ್ಲಿ ಮಾವನ ರುಜು ಹಾಕಿದ. ಹಿಂದಿನಿಂದ ಯಾರೋ "ಸ್ವಾಮಿ, ಸ್ವಾಮಿ" ಅಂದಂತಾಯಿತು. ಊರಲ್ಲಿ ಸ್ವಾಮಿಗಳಿಗೇನು ಬರ. ಹೊರಟಿದ್ದ ಬಸ್ಸಿಗೆ ಓಡಿ ಹತ್ತಿದ.

ರಾಜೀನಾಮೆಯನ್ನು ಒಂದೇ ಸಾಲಿನಲ್ಲಿ ಬರೆದು ಮೇಜಿನ ಖಾನೆಯಲ್ಲಿಟ್ಟುಕೊಂಡಿದ್ದ. ಸೋಮವಾರ ಕೊಡುವುದೆಂದು ನಿಶ್ಚಯವಾಗಿತ್ತು. ಅಕ್ಕನಿಗೆ ಎಂದೂ ತಿಳಿಯದಿದ್ದರೂ ಅವನಿಗೆ ತಿಳಿದಿತ್ತು: ಜನ ಕೊಟ್ಟದ್ದು ಅಕ್ಷರಕ್ಕೆ.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಭಾವನೇ ಅವನ ಮೇಜಿನ ಬಳಿಗೆ ಓಡಿ ಬಂದ.

"ಕಣ್ಣೀರಪ್ಪ, ಏಳೋ, ಏಳು! ಒಬ್ಬ ವಕೀಲರು ಬಂದಿದಾರೆ. ಯಾರೋ ಒಬ್ಬ ಅಜ್ಜಿ ಮನೆಮಾರು ಎಲ್ಲಾ ನಮ್ಮ ಅಕ್ಕನಿಗೆ ಬರೆದಿಟ್ಟು ಹೋಗಿದಾಳಂತೆ! ಪತ್ರಿಕೆಯೋರ್ನೂ ಕರೆಸಿದೀನಿ. ನೀನು ಬಂದು ಕೂತ್ಕೊಂಡು ಕೇಳು, ಇದ್ರ ಮೇಲೊಂದು ಪತ್ರ ಬರಿ. ಓದಿದೋರೆಲ್ಲ ಗೊಳೋ ಅಂತ ಅತ್ತು ಜೇಬು ಖಾಲಿ ಮಾಡ್ಬೇಕು, ಹಂಗೆ!"

ಕೊನೆಯ ದಿನ ಕೊನೆಯದೊಂದು ಪತ್ರ. ಇರಲಿ ಎಂದು ಕಣ್ಣೀರಪ್ಪ ಟಿಪ್ಪಣಿ ಪುಸ್ತಕ ಹಿಡಿದು ಎದ್ದ. ಪಕ್ಷಕ್ಕೆ ಚಂದಾ ಕೊಡುವ ಅಜ್ಜಿಯರು ಸಾವಿರಾರು. ಓಣಿಯಂಥ ಉದ್ದನೆ ಹಾದಿಯಲ್ಲಿ ನಡೆಯುತ್ತಲೇ ಮೊದಲ ಸಾಲು ಮನಸ್ಸಿನಲ್ಲಿ ತಾನಾಗಿ ಕೂಡಿಕೊಂಡಿತು: "ಅವಳ ಮನೆಯ ಬಾಗಿಲು ಮುಚ್ಚಿತು, ನಮಗಾಗಿ ತೆರೆಯಿತು." ಚೆನ್ನಾಗಿದೆ ಅನ್ನಿಸಿತು. ಬಾಗಿಲು ತಳ್ಳಿ ಒಳಗೆ ಹೋದ. ಅಕ್ಕ ಕ್ಯಾಮೆರಾಗಳಿಗೆ ಮುಖ ಮಾಡಿ ಕಣ್ಣು ಒದ್ದೆ ಮಾಡಿಕೊಂಡು ಕೂತಿದ್ದಳು. ಖಜಾಂಚಿ ಹೊಸ ಪುಸ್ತಕ ತೆರೆದು ಪೆನ್ನು ಹಿಡಿದಿದ್ದ. ಅವರಿಬ್ಬರ ನಡುವೆ ಕೂತಿದ್ದ ಕುಳ್ಳನೆಯ, ಬಿಳೀ ಮೀಸೆಯ ವಕೀಲ ಕಣ್ಣೀರಪ್ಪನನ್ನು ನೋಡಿದವನೇ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುನಿಂತ.

"ಅಯ್ಯೋ, ಇವರೇ! ಇವರೇ ನೋಡಿ!" ಎಂದು ಮುಂದೆ ಬಂದು ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. "ಮಗಳ ನಿಧಿಯವರು! ಉಯಿಲಿನಲ್ಲಿ ನಿಧಿಯ ವಿಳಾಸ ಅಂತ ಅಂಚೆ ಪೆಟ್ಟಿಗೆ ನಂಬರು ಇತ್ತು. ಗುರುವಾರ ಬರ್ತಾರೆ ಅಂತ ಅಂಚೆ ಗುಮಾಸ್ತ ಹೇಳಿದ್ರು, ಬೆಳಿಗ್ಗೆಯಿಂದ ಉಯಿಲು ಹಿಡ್ಕೊಂಡು ಕಾದೆ. ಪೆಟ್ಟಿಗೆ ಕೀಲಿ ವಾಪಸ್ ಕೊಟ್ರು, ಸ್ವಾಮಿ ಅಂತ ಕೂಗಿದೆ, ಬಸ್ ಹತ್ತಿಯೇಬಿಟ್ರಲ್ಲ! ಮನೆ ಕೊಡೋಕೆ ಬಂದೋನಿಂದ ಓಡಿಹೋದೋರು ನೀವೊಬ್ಬರೇ."

"ಯಾವ ನಿಧಿ?" ಅಂದಳು ಅಕ್ಕ. ಅವಳ ಕಣ್ಣು ಆಗಲೇ ಒಣಗಿತ್ತು.

"ನಿಮ್ಮದೇ, ಅಮ್ಮಾ, ಮಗಳ ನಿಧಿ. ತಿಂಗಳು ತಿಂಗಳೂ ನೀವು ಪತ್ರ ಬರೀತಿದ್ರಲ್ಲ?"

ಅಕ್ಕ ನಿಧಾನವಾಗಿ ಕಣ್ಣೀರಪ್ಪನ ಕಡೆ ತಿರುಗಿದಳು, ಭಾವ ತಿರುಗಿದ, ಕ್ಯಾಮೆರಾಗಳೂ ತಿರುಗಿದವು. ಖಜಾಂಚಿ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ. ವಕೀಲನೊಬ್ಬನಿಗೇ ಏನೂ ಗೊತ್ತಾಗಲಿಲ್ಲ. ಹಿಡಿದ ಕೈಯನ್ನು ಬಿಡದೆ, ಒಳ್ಳೆಯ ಸುದ್ದಿ ತಂದವನ ಉತ್ಸಾಹದಲ್ಲಿ, ಭೂಗೋಳದ ಮೇಡಂದು ಮೊದಲನೆಯದು ಅಷ್ಟೇ, ಇದೇ ನಿಧಿಗೆ ಬರೆದ ಇನ್ನೂ ಮೂರು ಉಯಿಲುಗಳು ತನ್ನ ಬೀರುವಿನಲ್ಲೇ ಇವೆ, ಬೇರೆ ವಕೀಲರ ಹತ್ತಿರವೂ ಇರಬೇಕು ಎಂದು ಹೇಳಿದ. ಕಣ್ಣೀರಪ್ಪನ ಬಾಯಿಂದ "ಯಾಕೆ?" ಎಂಬ ಒಂದೇ ಮಾತು ಹೊರಬಿತ್ತು. ವಕೀಲ ನಕ್ಕುಬಿಟ್ಟ. "ಯಾಕೆ ಅಂದ್ರೆ? ಮಕ್ಕಳು ಮರಿ ಇರೋರು ಉಯಿಲು ಬರೀದೆ ಸತ್ರೂ ನಡೆಯುತ್ತೆ ಸ್ವಾಮಿ. ಯಾರೂ ಇಲ್ಲದೋರು ಇದ್ದದ್ದನ್ನ ಯಾರಿಗಾದ್ರೂ ಬರೆದೇ ಹೋಗ್ಬೇಕಲ್ವಾ?"